ಬ್ಯಾನರ್‌ಗಿಂತ ಮೊದಲು ನೀರು ಮತ್ತು ಶೌಚಾಲಯ

ಇಶಾ ನಮಾಝಿನ ನಂತರ ಮಸೀದಿಯ ಜಗಲಿಯಲ್ಲಿ ಜಮಾಅತಿನ ಸಭೆ ಕೂತಿತ್ತು. ಶಿವಮೊಗ್ಗದಲ್ಲಿ ಪ್ರತಿಭಟನೆ, ಮಂಡಗದ್ದೆಯಿಂದ ಯಾರು ಯಾರು ಹೋಗುವುದು ಎಂಬ ಮಾತು. ವಾಹನ ಎಷ್ಟು, ಬ್ಯಾನರ್ ಯಾರು ಬರೆಸುವುದು, ಬಿರಿಯಾನಿ ಪೊಟ್ಟಣ ಎಷ್ಟು ಬೇಕು, ಎಲ್ಲವೂ ಒಂದು ಗಂಟೆಯಲ್ಲಿ ತೀರ್ಮಾನವಾಯಿತು. ಹೆಂಗಸರೂ ಬರಲಿ ಎಂದಾಯಿತು. ಅವರು ಅಲ್ಲಿ ಮೂತ್ರಕ್ಕೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ವೈದ್ಯನಾದ ನಾನೂ ಅಲ್ಲೇ ಕೂತಿದ್ದೆ. ನಾನೂ ಕೇಳಲಿಲ್ಲ.

ಪ್ರತಿಭಟನೆ ಶಾಂತವಾಗಿ ಮುಗಿಯಿತು. ಮೂರನೆಯ ದಿನ ಅರವತ್ತು ದಾಟಿದ ಒಬ್ಬ ತಾಯಿ ಚಳಿ ಜ್ವರದಲ್ಲಿ ನಡುಗುತ್ತಾ ನನ್ನ ದವಾಖಾನೆಗೆ ಬಂದರು. ಸಕ್ಕರೆ ಕಾಯಿಲೆ ಬೇರೆ ಇತ್ತು. ಮೂತ್ರ ಉರಿ, ಸೊಂಟದಲ್ಲಿ ನೋವು. “ಹಕೀಂ ಸಾಬ್, ಅವತ್ತು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಕುಡಿದರೆ ಹೋಗಬೇಕಲ್ಲ, ಆ ಜನರ ನಡುವೆ ಎಲ್ಲಿಗೆ ಹೋಗೋದು?” ಎಂದರು. ಸೋಂಕು ಮೂತ್ರಪಿಂಡದವರೆಗೆ ಏರಿದ ಲಕ್ಷಣ ಕಂಡಿತು. ಕಷಾಯ ಶರ್ಬತ್ತುಗಳಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕಳಿಸಿದೆ. ಅಲ್ಹಮ್ದುಲಿಲ್ಲಾಹ್, ಗುಣವಾದರು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಇಂದಿನ ಲೇಖನ ಅದರಿಂದಲೇ ಹುಟ್ಟಿದ್ದು.

ಪ್ರಿಯ ಓದುಗರೇ, ನಮ್ಮ ಸೀಮೆಗೆ ಹೋರಾಟ ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ 2019ರ ಜುಲೈ 10ರಂದು ಇಡೀ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಪೌರತ್ವ ಕಾಯ್ದೆಯ ವಿಷಯ ಬಂದಾಗ, ವಕ್ಫ್ ತಿದ್ದುಪಡಿ ಬಂದಾಗ ನಮ್ಮ ಸಮುದಾಯವೂ ಬೀದಿಗೆ ಇಳಿಯಿತು. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ.

ಹಕ್ಕು ಇದೆ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ನಿಷೇಧಾಜ್ಞೆ ಜಾರಿಯಲ್ಲಿತ್ತು. ಲಾಠಿ, ಅಶ್ರುವಾಯು, ಕೊನೆಗೆ ಗೋಲಿಬಾರ್. ಇಬ್ಬರು ಪ್ರಾಣ ಕಳೆದುಕೊಂಡರು. ಕರ್ಫ್ಯೂ ಬಂತು, ಮೊಬೈಲ್ ಇಂಟರ್‌ನೆಟ್ ನಿಂತಿತು. ಒಂದು ತಿಂಗಳೂ ಕಳೆದಿರಲಿಲ್ಲ. 2020ರ ಜನವರಿ 15ರಂದು ಅದೇ ಮಂಗಳೂರಿನ ಪಕ್ಕದ ಅಡ್ಯಾರ್ ಕಣ್ಣೂರಿನಲ್ಲಿ ಬಹಳ ದೊಡ್ಡ ಸಭೆ ಸೇರಿತು. ನೇತ್ರಾವತಿಯಲ್ಲಿ ದೋಣಿಗಳ ಮೇಲೆಯೂ ಜನ ಬಂದರು. ಅದು ಶಾಂತವಾಗಿ ಮುಗಿಯಿತು. ಮೊದಲ ದಿನದ ಸಾವುಗಳಿಗೆ ಸತ್ತವರ ತಯಾರಿಯ ಕೊರತೆ ಕಾರಣ ಎಂದು ನಾನು ಖಂಡಿತ ಹೇಳುತ್ತಿಲ್ಲ. ಗುಂಡಿಗೆ ಮುನ್ನೆಚ್ಚರಿಕೆಯ ಮದ್ದಿಲ್ಲ. ಆದರೆ ಅನುಮತಿ ಇರುವ ಜಾಗ, ವಿಶಾಲ ಮೈದಾನ, ಗೊತ್ತಾದ ಸಮಯ, ಮೊದಲೇ ಯೋಚಿಸಿದ ವ್ಯವಸ್ಥೆ ಇವು ಜೀವ ಉಳಿಸುವ ಸಂಗತಿಗಳು ಎಂಬುದು ನನ್ನ ಅಭಿಪ್ರಾಯ.

“ಇಷ್ಟೆಲ್ಲ ಹೆದರುವವರು ಮನೆಯಲ್ಲಿ ಕೂರಲಿ” ಎಂದು ನಮ್ಮ ಯುವಕರು ಹೇಳುತ್ತಾರೆ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂಬ ಪಾಠ ಮದ್ರಸದ ಮಕ್ಕಳಿಗೂ ಗೊತ್ತು. ತಯಾರಿ ಹೇಡಿತನವಲ್ಲ, ಅದು ತವಕ್ಕುಲ್‌ನ ಮೊದಲ ಮೆಟ್ಟಿಲು.

ನಮ್ಮ ಯುನಾನಿ ಶಾಸ್ತ್ರದಲ್ಲಿ ಆರೋಗ್ಯ ಕಾಪಾಡುವುದಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳಿದ್ದಾರೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅದರ ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು. ಇಬ್ನ್ ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಇವುಗಳನ್ನು ವಿವರಿಸಿದ್ದಾರೆ. ಬೀದಿಯಲ್ಲಿ ಒಂದು ದಿನ ನಿಲ್ಲುವವನಿಗೂ ಈ ಆರೇ ಸಾಕು. ಒಂದೊಂದಾಗಿ ನೋಡೋಣ.

ಮೊದಲನೆಯದು ಗಾಳಿ. ಅಶ್ರುವಾಯು ಎನ್ನುತ್ತೇವೆ, ಆದರೆ ಅದು ನಿಜವಾಗಿ ವಾಯುವಲ್ಲ, ಗಾಳಿಯಲ್ಲಿ ತೇಲುವ ಬಹು ಸಣ್ಣ ಪುಡಿ. ಕಣ್ಣು, ಮೂಗು, ಗಂಟಲು, ಬೆವರಿದ ಚರ್ಮ ಎಲ್ಲೆಲ್ಲೂ ಅಂಟಿಕೊಂಡು ಉರಿಸುತ್ತದೆ. ತೆರೆದ ಗಾಳಿಗೆ ಬಂದರೆ ಹೆಚ್ಚಿನವರಿಗೆ 15ರಿಂದ 30 ನಿಮಿಷದಲ್ಲಿ ಉರಿ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ ಗಾಳಿ ಬೀಸಿ ಬರುವ ದಿಕ್ಕಿಗೆ, ಸಾಧ್ಯವಾದರೆ ಎತ್ತರದ ಜಾಗಕ್ಕೆ ನಡೆದು ಹೋಗುವುದು. ಕಣ್ಣು ಉಜ್ಜಬೇಡಿ. ಉಜ್ಜಿದಷ್ಟೂ ಪುಡಿ ಒಳಗೆ ಸೇರುತ್ತದೆ.

ತೊಳೆಯುವ ಕ್ರಮವನ್ನು ವುಝೂ ನೆನಪಿಸುತ್ತದೆ. ವುಝೂ ಆರಂಭವಾಗುವುದು ಕೈಗಳಿಂದ. ಇಲ್ಲಿಯೂ ಮೊದಲು ಕೈ ತೊಳೆಯಿರಿ, ಪುಡಿ ಹತ್ತಿದ ಕೈ ಕಣ್ಣಿಗೆ ಹೋಗಬಾರದು. ಬಾಯಿ ಮುಕ್ಕಳಿಸಿ ಉಗುಳಿ, ಮೂಗು ಶುದ್ಧ ಮಾಡಿ, ನಂತರ ಕಣ್ಣಿಗೆ ತಣ್ಣೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಧಾರಾಳವಾಗಿ ಬಿಡಿ. ಒಂದು ಬೊಗಸೆ ಸಾಲದು, ಹತ್ತು ನಿಮಿಷವಾದರೂ ಬೇಕು. ಆದರೆ ಒದ್ದೆ ಕೈಯಿಂದ ತಲೆ ಸವರಿ ಅದೇ ಕೈಯನ್ನು ಮುಖಕ್ಕೆ ತರಬೇಡಿ. ಕೂದಲಿನಲ್ಲಿ ಪುಡಿ ಕೂತಿರುತ್ತದೆ. ಮನೆಗೆ ಬಂದ ಮೇಲೆ ಬಟ್ಟೆ ತೆಗೆದು ಬೇರೆ ಚೀಲದಲ್ಲಿಟ್ಟು, ಕಣ್ಣು ಮುಚ್ಚಿ ತಲೆ ತೊಳೆಯಿರಿ, ಸಾಬೂನಿನಿಂದ ಸ್ನಾನ ಮಾಡಿ. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ನಾನು ಯುನಾನಿ ವೈದ್ಯನಾಗಿಯೇ ಒಂದು ಮಾತು ಹೇಳಬೇಕು. ಅಂದು ಸುರ್ಮಾ ಹಚ್ಚಬೇಡಿ. ಪುಡಿ ಅದರ ಮೇಲೆ ಕೂತು ಬಿಡುವುದಿಲ್ಲ. ತಲೆಗೆ, ಗಡ್ಡಕ್ಕೆ ಎಣ್ಣೆ ಬೇಡ, ಮುಖಕ್ಕೆ ಕ್ರೀಮು ಬೇಡ, ಅತ್ತರು ಬೇಡ. ಕಣ್ಣೊಳಗೆ ಇಡುವ ಲೆನ್ಸ್ ಇದ್ದವರು ಅದನ್ನು ಬಿಟ್ಟು ಕನ್ನಡಕ ಹಾಕಿಕೊಳ್ಳಿ. ಮೊಬೈಲಿನಲ್ಲಿ ಬರುವ ಈರುಳ್ಳಿ, ವಿನೆಗರ್, ಹಲ್ಲಿನ ಪೇಸ್ಟ್, ಹಾಲು, ನಿಂಬೆರಸ ಇವು ಯಾವುವೂ ನೀರಿಗೆ ಸಮವಲ್ಲ, ಕೆಲವು ಕಣ್ಣಿಗೇ ಹಾನಿ. ಗುಲಾಬ್ ಜಲವೂ ಇದಕ್ಕೆ ಮದ್ದಲ್ಲ. ನಮ್ಮ ಪದ್ಧತಿಯಲ್ಲಿ ಅಶ್ರುವಾಯುವಿಗೆ ಔಷಧ ಇದೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಇದನ್ನು ಹೇಳುವುದರಿಂದ ನನ್ನ ವೈದ್ಯಕ್ಕೆ ಕುಂದಿಲ್ಲ. ಬಿದ್ದ ಶೆಲ್ ಮುಟ್ಟಬೇಡಿ, ಅದು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ತಿರುಗಿ ಎಸೆಯುವುದು ಸುಟ್ಟ ಕೈ ಮತ್ತು ಕೇಸು ಎರಡನ್ನೂ ತರುತ್ತದೆ. ದಮ್ಮು ಇರುವವರು ಇನ್‌ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ. ಗಲಾಟೆಯ ಸೂಚನೆ ಇರುವ ಜಾಗಕ್ಕೆ ದಮ್ಮಿನವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಹೋಗಲೇಬಾರದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಎರಡನೆಯದು ಅನ್ನಪಾನ. ಮಲೆನಾಡಿನ ನೆರಳಿನಲ್ಲಿ ಬೆಳೆದ ನಮಗೆ ಏಪ್ರಿಲ್ ತಿಂಗಳ ಶಿವಮೊಗ್ಗದ ಬಿಸಿಲು ತಡೆಯುವುದು ಕಷ್ಟ. ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಒಆರ್‌ಎಸ್ ಪೊಟ್ಟಣ ಒಯ್ಯಿರಿ, ಒಂದು ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚ ಎಂದರೆ ಟೀ ಚಮಚ. ಉಪ್ಪಿನ ಅಳತೆ ಹೆಚ್ಚಾಗಬಾರದು. ಬೆಳಗಿನ ಜಾವ ಬಿಸಿಬಿಸಿಯಾಗಿ ಕಟ್ಟಿದ ಬಿರಿಯಾನಿಯನ್ನು ಮಧ್ಯಾಹ್ನ ಮೂರಕ್ಕೆ ಬಿಚ್ಚಿ ತಿನ್ನುವುದನ್ನು ದಯವಿಟ್ಟು ನಿಲ್ಲಿಸಿ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಬೆಳೆಯುವ ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಪಾತಿ, ಖರ್ಜೂರ, ಬಾಳೆಹಣ್ಣು, ಹುರಿಗಡಲೆ ಸಾಕು. ಸಕ್ಕರೆ ಕಾಯಿಲೆಯವರು ಊಟದ ಹೊತ್ತು ತಪ್ಪಿಸಬಾರದು, ಜೇಬಿನಲ್ಲಿ ನಾಲ್ಕು ತುಂಡು ಬೆಲ್ಲ ಇರಲಿ. ರೋಝಾ ಇರುವ ದಿನ ಬಿಸಿಲಲ್ಲಿ ತಲೆ ಸುತ್ತಿ, ಮಾತು ತೊದಲಿದರೆ ಅದು ಹಟ ಮಾಡುವ ಗಳಿಗೆಯಲ್ಲ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾಣಕ್ಕೆ ಅಪಾಯವಾದಾಗ ರೋಝಾ ಬಿಡುವ ರಿಯಾಯಿತಿ ದೀನಿನಲ್ಲಿದೆ. ವಿವರವನ್ನು ನಿಮ್ಮ ಊರಿನ ಉಸ್ತಾದರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಮೂರನೆಯದು ದೇಹದ ಚಲನೆ ಮತ್ತು ವಿಶ್ರಾಂತಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಶೂ ಹಾಕಿ. ಬುರ್ಖಾದ ಅಂಚು ಪಾದಕ್ಕಿಂತ ಮೇಲಿರಲಿ, ದುಪಟ್ಟಾ ಜೋಲಾಡದಂತೆ ಪಿನ್ ಹಾಕಿ. ಬಂದ ಕೂಡಲೇ ಹೊರಹೋಗುವ ಎರಡು ದಾರಿ ನೋಡಿಟ್ಟುಕೊಳ್ಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸಂಭ್ರಮಕ್ಕೆ ಬಂದವರಲ್ಲಿ 11 ಜನ ಕಾಲ್ತುಳಿತದಲ್ಲಿ ಸತ್ತರು. ಕಾಲ್ತುಳಿತ ಎನ್ನುತ್ತೇವೆ, ಆದರೆ ಇಂಥ ಇಕ್ಕಟ್ಟಿನಲ್ಲಿ ಎಷ್ಟೋ ಜನ ನಿಂತಲ್ಲೇ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ ಸಾಯುತ್ತಾರೆ. ನಾಲ್ಕೂ ಕಡೆಯಿಂದ ಭುಜಕ್ಕೆ ಭುಜ ತಾಗಿ, ಕೈ ಮುಖಕ್ಕೆ ತರುವುದೂ ಕಷ್ಟ ಎನಿಸಿದರೆ ಅದೇ ಎಚ್ಚರಿಕೆ. ಆಗಲೇ ಹೊರಬನ್ನಿ. ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಕಟ್ಟಿ ಉಸಿರಿಗೆ ಜಾಗ ಮಾಡಿಕೊಳ್ಳಿ. ನೂಕಾಟಕ್ಕೆ ಎದುರು ನಿಲ್ಲದೆ, ಅಲೆಯ ಜೊತೆ ಹೋಗುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ಚಪ್ಪಲಿಗಾಗಿ, ಮೊಬೈಲಿಗಾಗಿ ಬಗ್ಗಬೇಡಿ.

ನಾಲ್ಕನೆಯದು ಮನಸ್ಸು. ಕೋಪ, ಭಯಗಳು ದೇಹವನ್ನು ಕೆಡಿಸುತ್ತವೆ ಎಂದು ನಮ್ಮ ಹಕೀಮರು ಬಹಳ ಹಿಂದೆಯೇ ಬರೆದರು. ಬೀದಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಒಬ್ಬ ಕಲ್ಲು ಎತ್ತಿದರೆ ಸಾವಿರ ಜನರ ಸುರಕ್ಷತೆ ಮುಗಿಯಿತು. ಕಲ್ಲು ಎತ್ತಿದವನು ಓಡಿ ಹೋಗುತ್ತಾನೆ, ಪೆಟ್ಟು ತಿನ್ನುವವರು ಓಡಲಾಗದ ಅಜ್ಜ, ಬುರ್ಖಾ ತೊಟ್ಟ ತಾಯಿ. ನಿಮ್ಮ ಪಕ್ಕದವನು ಕಲ್ಲಿಗೆ ಬಗ್ಗಿದರೆ ಅವನ ಕೈ ಹಿಡಿಯಿರಿ. ಹಿಡಿಯಲಾಗದಿದ್ದರೆ ಆ ಜಾಗ ಬಿಟ್ಟು ಮನೆಗೆ ಬನ್ನಿ. ಪ್ರತಿಭಟನೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಅಥವಾ ಮೂವರ ಜೊತೆ ಮಾಡಿಕೊಳ್ಳಿ. ಬಂದವರು ಜೊತೆಗೇ ಹಿಂದಿರುಗಬೇಕು. ಇಂಟರ್‌ನೆಟ್ ನಿಂತರೆ ಎಲ್ಲಿ ಸೇರುವುದು ಎಂದು ಮೊದಲೇ ಗೊತ್ತು ಮಾಡಿ. ಮನೆಯ ಒಂದು ಫೋನ್ ನಂಬರನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಮೊಬೈಲ್ ಕಳೆದ ದಿನ ನಮಗೆ ಯಾರ ನಂಬರೂ ನೆನಪಿರುವುದಿಲ್ಲ.

ಐದನೆಯದು ನಿದ್ದೆ ಮತ್ತು ಎಚ್ಚರ. ಇದನ್ನು ಓದಿ ನೀವು ನಗಬಹುದು. ಆದರೆ ನಮ್ಮ ಸೀಮೆಯವರಿಗೆ ಲಾಠಿಗಿಂತ ಹೆಚ್ಚಿನ ಅಪಾಯ ಹಿಂದಿರುಗುವ ದಾರಿಯಲ್ಲಿದೆ ಎಂದು ನಾನು ನಂಬಿದ್ದೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಬರುವ ರಸ್ತೆ ಕಾಡಿನ ನಡುವೆ, ತಿರುವುಗಳ ದಾರಿ. ಬೆಳಗಿನ ಜಾವ ಎದ್ದು ಟೆಂಪೋ ಓಡಿಸಿದ ಹುಡುಗ ಇಡೀ ದಿನ ಬಿಸಿಲಲ್ಲಿ ಘೋಷಣೆ ಕೂಗಿ, ರಾತ್ರಿ ಹತ್ತಕ್ಕೆ ಇಪ್ಪತ್ತು ಜನರನ್ನು ಕೂರಿಸಿಕೊಂಡು ಅದೇ ಟೆಂಪೋ ಓಡಿಸುತ್ತಾನೆ. ಮಳೆಗಾಲವಾದರೆ ಕೇಳುವುದೇ ಬೇಡ. ಚಾಲಕ ಪ್ರತಿಭಟನೆಗೆ ಬರಬಾರದು, ವಾಹನದಲ್ಲೇ ಮಲಗಲಿ. ಅವನ ಪ್ರತಿಭಟನೆ ಅದೇ. ಸಾಮಾನು ಸಾಗಿಸುವ ಗಾಡಿಯ ಹಿಂಬದಿಯಲ್ಲಿ ಜನರನ್ನು ತುಂಬಬೇಡಿ.

ಆರನೆಯದು ಹೊರಹೋಗಬೇಕಾದ್ದು. ಮೊದಲು ಹೇಳಿದ ಆ ತಾಯಿಯ ಮಾತು ಇಲ್ಲಿಗೆ ಸೇರುತ್ತದೆ. ಮೂತ್ರ ಕಟ್ಟುವುದನ್ನು ಯುನಾನಿ ಶಾಸ್ತ್ರ ರೋಗದ ಕಾರಣಗಳಲ್ಲಿ ಎಣಿಸಿದೆ. ಆಧುನಿಕ ವೈದ್ಯವೂ ಅದನ್ನೇ ಹೇಳುತ್ತದೆ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಎಂಟು ಗಂಟೆ ಕೂತ ಹೆಂಗಸಿಗೆ ಸೋಂಕು ಬರುವ ಸಂಭವ ಹೆಚ್ಚು. ಮುಟ್ಟಿನ ದಿನಗಳಲ್ಲಿ ಬಟ್ಟೆ, ಪ್ಯಾಡ್ ಬದಲಿಸಲು ಜಾಗವಿಲ್ಲದವಳ ಕಷ್ಟ ಇನ್ನೂ ದೊಡ್ಡದು. ಇದಕ್ಕೆ ಶರ್ಬತೆ ಬಝೂರಿ ಉತ್ತರವಲ್ಲ, ಶೌಚಾಲಯ ಉತ್ತರ.

ಹಾಗಾದರೆ ಹೆಂಗಸರನ್ನು ಮನೆಯಲ್ಲೇ ಬಿಡೋಣ ಎಂದು ಕೆಲವು ಹಿರಿಯರು ಸುಲಭದ ದಾರಿ ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. 2020ರ ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಬೆಂಗಳೂರಿನ ಟ್ಯಾನರಿ ರಸ್ತೆಯ ಬಿಲಾಲ್ ಬಾಗ್‌ನಲ್ಲಿ ನಮ್ಮ ತಾಯಂದಿರು ಹಗಲೂ ರಾತ್ರಿ ಕೂತರು. ಅವರಿಗೆ ಧೈರ್ಯ ಕಲಿಸಬೇಕಾಗಿಲ್ಲ, ವ್ಯವಸ್ಥೆ ಮಾಡಿಕೊಡಬೇಕು. ಶೌಚಾಲಯದ ಏರ್ಪಾಡು ಮಾಡಲಾಗದ ಜಮಾಅತಿಗೆ ಹೆಂಗಸರನ್ನು ಕರೆದು ಫೋಟೊದ ಮುಂದಿನ ಸಾಲಿನಲ್ಲಿ ಕೂರಿಸುವ ಹಕ್ಕಿಲ್ಲ. ಸಮೀಪದ ಶಾದಿಮಹಲ್, ಮಸೀದಿ, ಶಾಲೆ, ಪರಿಚಯದವರ ಮನೆ, ಇವರಲ್ಲಿ ಒಂದು ದಿನ ಮೊದಲು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕೇಳಬೇಕು, ಅಷ್ಟೇ.

ಇನ್ನು ಪೆಟ್ಟಾದರೆ ಏನು ಮಾಡಬೇಕು? ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಕಾಫಿ ಪುಡಿ, ಅರಿಶಿನ ತುಂಬಬೇಡಿ. ತಲೆಗೆ ಲಾಠಿ ಬಿದ್ದವನು “ಏನೂ ಆಗಿಲ್ಲ” ಎಂದರೂ ನಂಬಬೇಡಿ. ಒಳಗಿನ ರಕ್ತಸ್ರಾವ ಕೆಲವು ಗಂಟೆಗಳ ನಂತರ ಕಾಣಿಸಬಹುದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಮಾತಿನಲ್ಲಿ ಗೊಂದಲ, ಕಿವಿ ಅಥವಾ ಮೂಗಿನಿಂದ ತಿಳಿ ನೀರು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಊದಿದ ಹೊಸ ಪೆಟ್ಟಿನ ಮೇಲೆ ಹಿಜಾಮಾ ಮಾಡಿಸಿಕೊಳ್ಳಬೇಡಿ. ಎದೆ ನೋವೆಂದು ಕುಸಿದವರ ಬಾಯಿಗೆ ಖಮೀರಾ ಇಡಬೇಡಿ. ಘೋಷಣೆ ಕೂಗಿ ಗಂಟಲು ಕಟ್ಟಿದವರು ಮಾತ್ರ ನನ್ನ ಬಳಿ ಬನ್ನಿ, ಜೇಷ್ಠಮಧುವಿನ ತುಂಡು ಕೊಡುತ್ತೇನೆ. ರಕ್ತದೊತ್ತಡ ಇರುವವರಿಗೆ ಅದೂ ಇಲ್ಲ.

ಕೇಸಾಗುತ್ತದೆ ಎಂದು ಹೆದರಿ ಗಾಯ ಮುಚ್ಚಿಟ್ಟುಕೊಂಡು ಮನೆಯಲ್ಲಿ ಮಲಗುವವರು ನಮ್ಮಲ್ಲಿ ಅನೇಕರು. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕ್ರಮ ಆಮೇಲೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆಯ ದಾಖಲೆ ನಿಮಗೆ ಶತ್ರುವಲ್ಲ, ನಾಳೆ ಅದೇ ನಿಮ್ಮ ಸಾಕ್ಷಿಯಾಗಬಹುದು. ಬಂಧನವಾದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು. ದಿನವೂ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರ ಚೀಟಿಯ ಪ್ರತಿ ಜೊತೆಗಿಟ್ಟುಕೊಳ್ಳಿ, ಠಾಣೆಯಲ್ಲಿ ತೋರಿಸಲು ಅದು ಬೇಕು. ಉಚಿತ ಕಾನೂನು ನೆರವಿನ ಸಂಖ್ಯೆ 15100.

ಮುಂದಿನ ಸಭೆ ಎಂದಾದರೂ ಕೂರುತ್ತದೆ. ನಮ್ಮ ಸಮುದಾಯದ ವಿಷಯವೇ ಇರಬಹುದು, ಶರಾವತಿಯ ವಿಷಯ, ಬಗರ್‌ಹುಕುಂ ಜಮೀನಿನ ವಿಷಯ ಇರಬಹುದು. ಅಂದು ಬ್ಯಾನರಿನ ಮಾತು ಬರುವ ಮೊದಲು ಯಾರಾದರೊಬ್ಬರು ಐದು ಪ್ರಶ್ನೆ ಕೇಳಲಿ. ಅನುಮತಿ ಇದೆಯೇ, ನಿಷೇಧಾಜ್ಞೆ ಇಲ್ಲ ತಾನೇ? ನೀರು ಎಲ್ಲಿ? ಶೌಚಾಲಯ ಎಲ್ಲಿ? ಪ್ರಥಮ ಚಿಕಿತ್ಸೆ ಯಾರು ನೋಡುತ್ತಾರೆ? ರಾತ್ರಿ ಗಾಡಿ ಓಡಿಸುವವನು ಹಗಲು ಮಲಗುತ್ತಾನೆಯೇ? ಉತ್ತರ ಸಿಗದಿದ್ದರೆ ದಿನ ಮುಂದೂಡಿ. ಒಂದು ವಾರ ತಡವಾದರೆ ಹಕ್ಕು ಹೋಗುವುದಿಲ್ಲ.

ನಮ್ಮ ಜಮಾಅತಿನಲ್ಲಿ ಆ ಪ್ರಶ್ನೆಗಳನ್ನು ಈ ಸಲ ನಾನೇ ಕೇಳುತ್ತೇನೆ, ಇನ್‌ಶಾ ಅಲ್ಲಾಹ್. ನಿಮ್ಮ ಊರಿನಲ್ಲಿ ನೀವು ಕೇಳಿ.